ಕೇಳಿದವರಿಗಷ್ಟೇ ಸಿಗುವ ಜಾಮೀನು

ಗಾಂಜಾ ಕೇಸಲ್ಲಿ ಬೇಲ್ ಸಿಗಲ್ಲ ಅನ್ನೋ ಮಾತು ಬಳ್ಳಾರಿ ಕೋರ್ಟಿನ ಮುಂದಿನ ಚಹಾ ಅಂಗಡಿಯಲ್ಲೂ ಕೇಳುತ್ತದೆ. ಮಾದಕ ವಸ್ತುಗಳ ಕೇಸಿಗೆ ಬಳಸುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಬೇಲ್ ಬಗ್ಗೆ ಹೇಳುವ 37ನೇ ಕಲಂ ಬಿಗಿಯಾಗಿದೆ, ನಿಜ. ಆದರೆ ಗಡುವಿನೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಆ ಕಲಂ ಅಡ್ಡ ಬರಲ್ಲ. ವಕೀಲರು ಇದನ್ನೇ ಡಿಫಾಲ್ಟ್ ಬೇಲ್ ಅನ್ನೋದು.

ಗಡುವು ನಿಂತಿರೋದು ತೂಕದ ಮೇಲೆ. ಗಾಂಜಾ 20 ಕೆಜಿ ದಾಟಿದರೆ 180 ದಿನ. ಒಂದು ಕೆಜಿ ದಾಟಿ 20ರೊಳಗಿದ್ದರೆ 60 ದಿನ. ಸಿರುಗುಪ್ಪ ಕಡೆ ಮೆಣಸಿನಕಾಯಿ ಹೊಲದ ಗುಡಿಸಲಲ್ಲಿ 22 ಕೆಜಿಯ ಚೀಲ ಸಿಕ್ಕಿತು ಅಂದ್ಕೊಳ್ಳಿ. ಅದರಲ್ಲಿ ಹಸಿ ದಂಟೆಷ್ಟು, ಬರೀ ಎಲೆ ಎಷ್ಟು? ಕಾಯ್ದೆಗೆ ಗಾಂಜಾ ಅಂದರೆ ಹೂ, ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ, ಅವನ್ನು ಕಳೆದರೆ ತೂಕ 20ರ ಕೆಳಗಿಳಿಯಬಹುದು. ಪಂಚನಾಮೆ ಕೈಗೆ ಬಂದರೆ ನಾನು ಮೊದಲು ಹುಡುಕೋದು ಈ ಸಾಲನ್ನೇ.

ದಿನಗಳ ಎಣಿಕೆ ಬಂಧನದ ದಿನದಿಂದಲ್ಲ, ಮೊದಲ ರಿಮಾಂಡಿನಿಂದ, ಅಂದರೆ ಕೋರ್ಟ್ ಮೊದಲ ಸಲ ಕಸ್ಟಡಿಗೆ ಕಳಿಸಿದ ದಿನದಿಂದ. ರಿಮಾಂಡ್ ಆದ ದಿನವೂ ಸೇರುತ್ತದೆ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಜನವರಿ 1ಕ್ಕೆ ರಿಮಾಂಡ್ ಆದರೆ, ಫೆಬ್ರವರಿ 28 ದಿನದ ವರ್ಷದಲ್ಲಿ, 60ನೇ ದಿನ ಮಾರ್ಚ್ 1. ಮಾರ್ಚ್ 2ರ ಬೆಳಿಗ್ಗೆ ಅರ್ಜಿ ಕೋರ್ಟಿನಲ್ಲಿರಬೇಕು. ಸುಮ್ನೆ ಕೂತರೆ, ಮಧ್ಯಾಹ್ನ ಚಾರ್ಜ್‌ಶೀಟ್ ಬಂತೋ, ಹಕ್ಕು ಹೋಯಿತು. ಎಂ. ರವೀಂದ್ರನ್ ಅನ್ನೋ ಎನ್‌ಡಿಪಿಎಸ್ ಆರೋಪಿಯ ಪ್ರಕರಣದಲ್ಲಿ 181ನೇ ದಿನ ಬೆಳಿಗ್ಗೆಯೇ ಅರ್ಜಿ ಬಿದ್ದಿತ್ತು, ಚಾರ್ಜ್‌ಶೀಟ್ ಬದಲಿಗೆ ಸಲ್ಲಿಸುವ ದೂರು ಬಂದದ್ದು ಸಂಜೆ. ಅರ್ಜಿಯೇ ಮೊದಲು ಅಂತ 2020ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬೇಲ್ ಉಳಿಯಿತು.

180 ದಿನವನ್ನು ಒಂದು ವರ್ಷದವರೆಗೂ ಬೆಳೆಸಬಹುದು. ಆದರೆ ಅದಕ್ಕೆ ಸರ್ಕಾರಿ ಅಭಿಯೋಜಕರ ವರದಿ ಬೇಕು: ತನಿಖೆ ಎಲ್ಲಿಗೆ ಬಂತು, ಈ ವ್ಯಕ್ತಿ ಇನ್ನೂ ಒಳಗೇಕಿರಬೇಕು. ಪೊಲೀಸರ ಪತ್ರಕ್ಕೆ ಬರೀ ಸಹಿ ಹಾಕಿ ಕಳಿಸಿದರೆ ಅದು ವರದಿಯಲ್ಲ. ಈ ಕೋರಿಕೆ ವಿಚಾರಣೆಗೆ ಬಂದಾಗ ಆರೋಪಿಯನ್ನು ಖುದ್ದಾಗಿ ಅಥವಾ ವಿಡಿಯೊದಲ್ಲಿ ಹಾಜರುಪಡಿಸಲೇಬೇಕು.

ಜಾಸ್ತಿ ಜನ ಎಡವೋದು ಇದೆಲ್ಲ ಮುಗಿದ ಮೇಲೆ. ಬೇಲ್ ಆರ್ಡರ್ ಆಗಿರುತ್ತೆ, ಜಾಮೀನುದಾರರೇ ಇರಲ್ಲ. ಕೋರ್ಟ್ ಹೇಳಿದ ಸಮಯದಲ್ಲಿ ಶ್ಯೂರಿಟಿ ಕೊಡದೆ, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದರೆ ಸಿಕ್ಕ ಹಕ್ಕೂ ಕೈಬಿಡುತ್ತದೆ. ಗಾಂಜಾ ಕೇಸು ಅಂದ ಕೂಡಲೇ ಅಣ್ತಮ್ಮಂದಿರೂ ಪಹಣಿ ಕೊಡೋಕೆ ಹಿಂದೆ ಮುಂದೆ ನೋಡ್ತಾರೆ. ವಾರ ಮೊದಲೇ ಮಾತಾಡಿಟ್ಟುಕೊಳ್ಳಿ. ವಕೀಲರ ಫೀಸಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕಸ್ಟಡಿಯಲ್ಲಿರುವ ಯಾರಿಗಾದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ.