ಹಗೇವಿನೊಳಗೆ ಆರಿದ ದೀಪ

ಹಗೇವು ಅಂದರೆ ದವಸ ಕೂಡಿಡಲು ನೆಲದೊಳಗೆ ತೋಡಿದ ಆಳದ ಗುಂಡಿ. ಅದರ ಬಾಯಿ ತೆಗೆದ ದಿನ ಹಳ್ಳಿಯಲ್ಲಿ ಯಾರೂ ತಕ್ಷಣ ಒಳಗೆ ಇಳಿಯುತ್ತಿರಲಿಲ್ಲ. ಮೇಲಿನ ಮಣ್ಣು ಬಗೆದು, ಕಲ್ಲು ಸರಿಸಿ, ಒಂದಷ್ಟು ಹೊತ್ತು ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಮೆಲ್ಲಗೆ ಇಳಿಬಿಡುತ್ತಿದ್ದರು. ದೀಪ ಆರಿತೋ, ಇನ್ನೂ ಕಾಯಬೇಕು. ಈ ಎಚ್ಚರ ಮರೆತು ಇಳಿದವರು ಅಲ್ಲೇ ಉಸಿರುಗಟ್ಟಿ ಸತ್ತದ್ದುಂಟು. ಅವರನ್ನು ಎತ್ತಲು ಇಳಿದವರೂ ಸತ್ತದ್ದುಂಟು.

ಒಳಗೆ ಇದ್ದದ್ದು ಬರೀ ರಾಗಿ. ಹಾಗಾದರೆ ಆ ಕೆಟ್ಟ ಗಾಳಿ ಬಂದದ್ದು ಎಲ್ಲಿಂದ? ಅದು ರಾಗಿಯೇ ಬಿಟ್ಟ ಉಸಿರು.

ಚೀಲದಲ್ಲಿರುವ ಕಾಳು ಸುಮ್ನೆ ಬಿದ್ದಿದೆ ಅಂತ ನಮಗೆ ಅನಿಸುತ್ತದೆ. ಆದರೆ ಬಿತ್ತಿದರೆ ಅದು ಮೊಳೆಯುತ್ತದೆ ಅಲ್ವಾ? ಅಂದರೆ ಅದರಲ್ಲಿ ಜೀವ ಇದೆ. ಜೀವ ಇದ್ದಮೇಲೆ ಉಸಿರಾಟವೂ ಇದೆ. ಕಾಳು ಆಮ್ಲಜನಕ ಎಳೆದುಕೊಂಡು, ತನ್ನೊಳಗಿನ ಹಿಟ್ಟನ್ನು ಚೂರುಚೂರೇ ಕರಗಿಸುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಗೆ ಬಿಡುತ್ತದೆ. ಜೊತೆಗೆ ತುಸು ನೀರು, ತುಸು ಬಿಸಿ. ಚೆನ್ನಾಗಿ ಒಣಗಿದ ಕಾಳಿನಲ್ಲಿ ಇದು ತುಂಬಾ ನಿಧಾನ. ತೇವ ಏರಿದಷ್ಟೂ ಉಸಿರಾಟ ಜೋರಾಗುತ್ತದೆ. ಹುಳು ಮತ್ತು ಬೂಷ್ಟಿಗೂ ಇದೇ ಉಸಿರು ಬೇಕು, ಇದೇ ನೀರು ಬೇಕು. ದವಸ ಉಳಿಯುತ್ತದೋ ಕೆಡುತ್ತದೋ ಎಂಬುದು ತೀರ್ಮಾನವಾಗುವುದು ಇಲ್ಲೇ.

ಮೊದಲು ಹುಳುವಿನ ವಿಷಯ. ಅಕ್ಕಿ ಡಬ್ಬ ತೆಗೆದಾಗ ಕಾಣುವ, ಮುಂದೆ ಸಣ್ಣ ಸೊಂಡಿಲು ಇರುವ ಕಪ್ಪು ಹುಳುವನ್ನು ಎಲ್ಲರೂ ನೋಡಿದ್ದೇವೆ. ಹೆಣ್ಣು ಹುಳು ಆ ಸೊಂಡಿಲಿನಿಂದ ಕಾಳಿನಲ್ಲಿ ತೂತು ಕೊರೆಯುತ್ತದೆ. ಒಂದು ಮೊಟ್ಟೆ ಇಟ್ಟು, ಅಂಟಿನಂಥ ದ್ರವದಿಂದ ತೂತು ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮರಿ ಒಳಗೇ ತಿಂದು, ಒಳಗೇ ಬೆಳೆದು, ಬೇಸಿಗೆಯಲ್ಲಿ ಸುಮಾರು ಒಂದು ತಿಂಗಳಿಗೆ ಹೊರಗೆ ಬರುತ್ತದೆ. ‘ನಿನ್ನೆ ತನಕ ಚೆನ್ನಾಗಿತ್ತು, ಇವತ್ತು ಹುಳ ಆಗಿದೆ’ ಅಂತ ನಾವು ಹೇಳುತ್ತೇವೆ. ನಿಜಕ್ಕೂ ಅದು ನಿನ್ನೆಯೂ ಅಲ್ಲೇ ಇತ್ತು, ಅಕ್ಕಿಯ ಹೊಟ್ಟೆಯಲ್ಲಿ.

ಈ ಹುಳುವಿನ ಒಂದು ಗುಟ್ಟು ನನಗೆ ಬಹಳ ಇಷ್ಟ. ಅದರ ಗಟ್ಟಿ ಕಪ್ಪು ಚಿಪ್ಪಿಗೆ ಬೇಕಾದ ಸಾಮಗ್ರಿ ಬರೀ ಕಾಳು ತಿಂದರೆ ಸಾಕಷ್ಟು ಸಿಗುವುದಿಲ್ಲ. ಅದರ ಮೈಯೊಳಗೆ ವಾಸವಾಗಿರುವ ಒಂದು ಬ್ಯಾಕ್ಟೀರಿಯಾ ಆ ಸಾಮಗ್ರಿ ತಯಾರಿಸಿ ಕೊಡುತ್ತದೆ. ಚಿಪ್ಪು ಗಟ್ಟಿಯಾದ ಮೇಲೆ ಹುಳು ಕರುಳಿನಲ್ಲಿದ್ದ ಆ ಬ್ಯಾಕ್ಟೀರಿಯಾವನ್ನೇ ಅರಗಿಸಿಕೊಂಡುಬಿಡುತ್ತದೆ.

ರಾಗಿಗೆ ಈ ಹುಳುವಿನ ಕಾಟ ಇಲ್ಲ ಎನ್ನುವಷ್ಟು ಕಡಿಮೆ. ರಾಗಿಕಾಳು ಚಿಕ್ಕದು, ಹುಳು ಬೆಳೆಯುವಷ್ಟು ಜಾಗ ಅದರೊಳಗಿಲ್ಲ. ಬರಗಾಲಕ್ಕೆ ಅಂತ ನಮ್ಮವರು ರಾಗಿ ಕೂಡಿಟ್ಟಿದ್ದರಲ್ಲಿ ಅರ್ಥವಿತ್ತು.

ಅವರೆ, ಹೆಸರು, ಹುರುಳಿ, ಅಲಸಂದೆಗಳ ಕಥೆ ಬೇರೆ. ಇಲ್ಲಿ ಬರುವುದು ಕಾಳುದುಂಬಿ. ಇದು ಮೊಟ್ಟೆಯನ್ನು ಕಾಳಿನ ಮೇಲೇ ಅಂಟಿಸುತ್ತದೆ. ಕಾಳಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಮೊಟ್ಟೆ. ಎಷ್ಟೋ ಸಲ ಇದು ಹೊಲದಲ್ಲೇ, ಕಾಯಿಯ ಮೇಲೇ ಶುರುವಾಗಿರುತ್ತದೆ. ಮನೆಗೆ ಬರುವಾಗ ಕಾಳಿನ ಜೊತೆ ಹುಳುವೂ ಬರುತ್ತದೆ. ಮರಿ ಮೊಟ್ಟೆಯ ತಳದಿಂದ ನೇರ ಕಾಳಿನೊಳಕ್ಕೆ ಕೊರೆಯುತ್ತದೆ. ದೊಡ್ಡದಾದ ದುಂಬಿ ಏನನ್ನೂ ತಿನ್ನದೆಯೂ ಮೊಟ್ಟೆ ಇಡಬಲ್ಲದು.

ನಮ್ಮ ಅಜ್ಜಿಯರು ಕಾಳಿಗೆ ಕೆಮ್ಮಣ್ಣು ಕಟ್ಟುತ್ತಿದ್ದರು. ಹರಳೆಣ್ಣೆ ಸವರುತ್ತಿದ್ದರು. ಬೂದಿ ಬೆರೆಸುತ್ತಿದ್ದರು. ಎಣ್ಣೆ ಮೊಟ್ಟೆಯ ಉಸಿರನ್ನು ಕಟ್ಟುತ್ತದೆ. ಬೂದಿ ಮತ್ತು ನುಣ್ಣನೆ ಮಣ್ಣು ಹುಳುವಿನ ಮೈಮೇಲಿನ ಮೇಣದ ಪದರವನ್ನು ಉಜ್ಜಿ ತೆಗೆಯುತ್ತವೆ. ಆ ಮೇಣ ಹೋದರೆ ಮೈಯ ನೀರು ಆರಿಹೋಗಿ ಹುಳು ಸಾಯುತ್ತದೆ. ಬೇಳೆ ಮಾಡಿ ಇಡುವುದೂ ಒಂದು ಉಪಾಯವೇ. ಕಾಳುದುಂಬಿಗೆ ಇಡೀ ಕಾಳು ಬೇಕು, ಬೇಳೆ ಅದಕ್ಕೆ ಅಷ್ಟು ಒಗ್ಗುವುದಿಲ್ಲ.

ಹುಳು ತಿಂದು ಹೋದರೆ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಸಾವಿರಾರು ಹುಳು ಒಂದೇ ಕಡೆ ಉಸಿರಾಡಿದರೆ ಚೀಲದ ಆ ಭಾಗ ಬಿಸಿಯಾಗುತ್ತದೆ. ಕೈ ಹಾಕಿದರೆ ಬೆಚ್ಚಗಿರುತ್ತದೆ. ಬಿಸಿ ಗಾಳಿ ತೇವವನ್ನು ಹೊತ್ತು ಮೇಲೆ ಹೋಗಿ, ತಣ್ಣನೆ ಜಾಗದಲ್ಲಿ ಬೆವರಿನಂತೆ ಕೂರುತ್ತದೆ. ಕಾಳಿನ ಸಿಪ್ಪೆ ಆಗಲೇ ತೂತಾಗಿದೆ. ಬೂಷ್ಟಿಗೆ ಬೇಕಾದ್ದೆಲ್ಲ ತಯಾರು. ಮುಗ್ಗಲು ವಾಸನೆ ಬರುವುದು ಆಮೇಲೆ.

ಬೂಷ್ಟು ಹಿಡಿದದ್ದನ್ನು ತೊಳೆದು ಬಿಸಿಲಿಗೆ ಹಾಕಿ ಬಳಸುವ ಅಭ್ಯಾಸ ನಮ್ಮಲ್ಲಿ ಹಳೆಯದು. ಅನ್ನ ಬಿಸಾಡಬಾರದು ಎಂಬ ಒಳ್ಳೆಯ ಭಾವನೆಯಿಂದಲೇ ಅದು ಬಂದಿದೆ. ಆದರೂ ಇದನ್ನು ಬಿಡಲೇಬೇಕು. ಯಾಕೆ ಅನ್ನುವುದಕ್ಕೆ 1974ರಲ್ಲಿ ನಡೆದದ್ದನ್ನು ನೋಡಿ.

ಆ ವರ್ಷ ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಬಾಂಸ್‌ವಾಡಾ, ಪಂಚಮಹಲ್ ಕಡೆಯ ಆದಿವಾಸಿ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಶುರುವಾಯಿತು. ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಅಲ್ಲಿನ ನಾಯಿಗಳಿಗೂ ಹಾಗೇ ಆಯಿತು. ಸುಮಾರು 400 ಜನ ಕಾಯಿಲೆ ಬಿದ್ದರು, 106 ಜನ ಸತ್ತರು. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ ವಿಜ್ಞಾನಿಗಳು ಹೋಗಿ ಹುಡುಕಿದಾಗ ಸಿಕ್ಕಿದ್ದು ಮೆಕ್ಕೆಜೋಳ. ಅಕಾಲದ ಮಳೆಗೆ ತೆನೆ ನೆನೆದಿತ್ತು. ಸರಿಯಾಗಿ ಒಣಗದ ಕಾಳನ್ನೇ ಕೂಡಿಟ್ಟಿದ್ದರು. ಬೇರೆ ತಿನ್ನಲು ಏನೂ ಇರಲಿಲ್ಲ, ವಾರಗಟ್ಟಲೆ ಅದನ್ನೇ ತಿಂದರು. ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಮಿಶ್ರಿತ ಹಸಿರು ಬೂಷ್ಟು ಬೆಳೆದಿತ್ತು. ಆ ಬೂಷ್ಟಿನ ಹೆಸರಿನಿಂದಲೇ ಅದರ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು. ಇವತ್ತು ನಮ್ಮ ದೇಶದಲ್ಲಿ ಧಾನ್ಯಕ್ಕೆ ಇರುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಅಲ್ಲಿನ ಕೆಲವು ಮಾದರಿಗಳಲ್ಲಿ ಅದಕ್ಕಿಂತ ನೂರಾರು ಪಟ್ಟು ಜಾಸ್ತಿ ವಿಷ ಇತ್ತು.

ಈ ವಿಷ ಮೊದಲು ಬೆಳಕಿಗೆ ಬಂದದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ. ಕಡಲೆಕಾಯಿ ಹಿಂಡಿ ತಿಂದ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಿದ್ದವು. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಮೈಗೆ ಸೇರಿದರೆ ಇದು ಯಕೃತ್ತಿನ ಕ್ಯಾನ್ಸರ್ ತರುತ್ತದೆ. ಕುದಿಸಿದರೂ, ರೊಟ್ಟಿ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಹುರಿದರೂ ಒಂದಷ್ಟು ಉಳಿದೇ ಉಳಿಯುತ್ತದೆ. ತೊಳೆದರೆ ಮೇಲಿನ ಬೂಷ್ಟು ಹೋಗಬಹುದು, ಕಾಳಿನೊಳಗೆ ಇಳಿದ ವಿಷ ಅಲ್ಲೇ ಇರುತ್ತದೆ. ‘ನಮಗೆ ಬೇಡ, ದನಕ್ಕೆ ಹಾಕೋಣ’ ಅಂದರೆ ಅದು ಹಾಲಿನ ದಾರಿಯಲ್ಲಿ ಬದಲಾದ ರೂಪದಲ್ಲಿ ಮನೆಗೇ ವಾಪಸ್ ಬರುತ್ತದೆ. ದಾವಣಗೆರೆ, ಹಾವೇರಿ ಕಡೆ ರಸ್ತೆ ಬದಿ ಹರವಿದ ಮೆಕ್ಕೆಜೋಳದ ಮೇಲೆ ಮಳೆ ಸುರಿದಾಗ ರೈತರ ನಷ್ಟದ ಜೊತೆ ಇದೂ ನನ್ನ ಮನಸ್ಸಿಗೆ ಬರುತ್ತದೆ. ಅಲ್ಲಿನ ಮೆಕ್ಕೆಜೋಳ ಹೆಚ್ಚಾಗಿ ಹೋಗುವುದು ಕೋಳಿ ಮತ್ತು ದನದ ಮೇವಿಗೆ. ಊರೂರಿಗೆ ಒಣಗಿಸುವ ಯಂತ್ರ, ಒಂದು ಒಳ್ಳೆಯ ಕಣ ಕೊಡುವುದು ಆರೋಗ್ಯ ಇಲಾಖೆಯ ಕೆಲಸವೂ ಹೌದು ಅಂತ ನಾನು ನಂಬುತ್ತೇನೆ.

ಕಡಲೆಬೀಜದ ಬಗ್ಗೆ ಇನ್ನೊಂದು ಮಾತು. ಇದಕ್ಕೆ ಬೂಷ್ಟು ಹತ್ತುವುದು ಮಣ್ಣಿನಲ್ಲೇ. ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟರೆ ಜಾಸ್ತಿ. ಆದರೆ ವಿಷ ಎಲ್ಲ ಬೀಜದಲ್ಲೂ ಸಮನಾಗಿ ಇರುವುದಿಲ್ಲ. ಸುಕ್ಕಿದ, ಬಣ್ಣ ಕೆಟ್ಟ, ತೂತಾದ ಕೆಲವೇ ಬೀಜಗಳಲ್ಲಿ ಅದರ ಬಹುಪಾಲು ಇರುತ್ತದೆ. ಮೊರ ಹಿಡಿದು ಆರಿಸಿ ಅವನ್ನು ಬಿಸಾಡಿದರೆ ಅಪಾಯ ಬಹಳಷ್ಟು ಇಳಿಯುತ್ತದೆ. ಬಾಯಿಗೆ ಹಾಕಿದ ಬೀಜ ಕಹಿಯಾದರೆ ನುಂಗಬೇಡಿ, ಉಗಿಯಿರಿ. ಗಾಣದ ಎಣ್ಣೆ ಬಳಸುವವರು ಗಾಣಕ್ಕೆ ಹಾಕುವ ಬೀಜ ಎಂಥದ್ದು ಅಂತ ಒಮ್ಮೆ ನೋಡಬೇಕು. ರಿಫೈನ್ ಮಾಡುವಾಗ ಈ ವಿಷ ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ.

ಈಗ ಮತ್ತೆ ಹಗೇವಿಗೆ ಬರೋಣ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ ಮತ್ತು ಜೊತೆಗಾರರು ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ಅಲಸಂದೆ ಉಳಿಸುವ ದಾರಿ ಹುಡುಕುತ್ತಿದ್ದರು. ಗಾಳಿಯಾಡದ ಪ್ಲಾಸ್ಟಿಕ್ ಪದರಗಳ ಚೀಲದಲ್ಲಿ ಕಾಳು ತುಂಬಿ ಬಿಗಿಯಾಗಿ ಕಟ್ಟಿದರೆ ಸಾಕು, ಹುಳು ತಾನೇ ನಿಲ್ಲುತ್ತಿತ್ತು. ಹುಳು ಉಸಿರುಗಟ್ಟಿ ಸಾಯುತ್ತದೆ ಅಂತ ಯಾರಾದರೂ ಹೇಳಬಹುದು. ಅವರು ಮುಂದೆ ಕಂಡುಕೊಂಡದ್ದು ಇನ್ನೂ ಸೊಗಸಾಗಿದೆ. ಒಣ ಕಾಳಿನೊಳಗಿನ ಹುಳುವಿಗೆ ಕುಡಿಯಲು ನೀರೇ ಇಲ್ಲ. ಅದು ಆಮ್ಲಜನಕ ಬಳಸಿ, ತಿಂದ ಹಿಟ್ಟಿನಿಂದಲೇ ನೀರು ಮಾಡಿಕೊಳ್ಳುತ್ತದೆ. ಆಮ್ಲಜನಕ ಮುಗಿದರೆ ನೀರೂ ಮುಗಿಯಿತು. ಹುಳು ಸಾಯುವುದು ಬಾಯಾರಿಕೆಯಿಂದ!

ದೀಪ ಆರಿಸುತ್ತಿದ್ದ ಹಗೇವಿನ ಗಾಳಿಯೇ ಒಳಗೆ ಹುಳುವನ್ನೂ ತಡೆದಿತ್ತು. ಅಪಾರ್ಟ್‌ಮೆಂಟಿನಲ್ಲಿ ಹಗೇವು ತೋಡಲು ಆಗುವುದಿಲ್ಲ. ಆದರೆ ಗಟ್ಟಿ ಮುಚ್ಚಳದ ಬಾಟಲಿಗೆ ಅವರೆಕಾಳನ್ನು ಕುತ್ತಿಗೆಯವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಒಂದೆರಡು ತಿಂಗಳು ತೆಗೆಯದೆ ಇಟ್ಟರೆ ಅದೇ ಕೆಲಸ ಆಗುತ್ತದೆ. ಅರ್ಧ ತುಂಬಿದ ಡಬ್ಬದಲ್ಲಿ ಆಗುವುದಿಲ್ಲ, ಅಲ್ಲಿ ಗಾಳಿ ಜಾಸ್ತಿ. ಧಾನ್ಯದ ಚೀಲಕ್ಕೆ ಹುಳು ಕೊಲ್ಲುವ ಗುಳಿಗೆ ಇಡುವ ಯೋಚನೆಯನ್ನು ಮಾತ್ರ ದಯವಿಟ್ಟು ಬಿಡಿ. ಗೋದಾಮಿನಲ್ಲಿ ಬಳಸುವ ಆ ಗುಳಿಗೆಯ ಅನಿಲ ಮನೆಯವರ ಜೀವವನ್ನೇ ತೆಗೆಯುತ್ತದೆ.

ಮುಚ್ಚುವ ಮೊದಲು ಕಾಳು ಒಣಗಿರಲೇಬೇಕು. ಭತ್ತ, ಜೋಳ, ಗೋಧಿಯಲ್ಲಿ ತೇವ ಶೇ. 12ರ ಆಸುಪಾಸು ಇರಬೇಕು. ಕಡಲೆಬೀಜದಲ್ಲಿ ಶೇ. 7–8 ದಾಟಬಾರದು. ಎಣ್ಣೆ ನೀರು ಹೀರುವುದಿಲ್ಲವಾದ್ದರಿಂದ ಇದ್ದ ನೀರೆಲ್ಲ ಬೀಜದ ಉಳಿದ ಭಾಗದಲ್ಲೇ ಸೇರಿರುತ್ತದೆ. ಅಳೆಯುವ ಯಂತ್ರ ಇಲ್ಲದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಒಂದು ಚಮಚ ಒಣ ಪುಡಿ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ. ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ಕಾಳಿನಲ್ಲಿ ತೇವ ಶೇ. 15ಕ್ಕಿಂತ ಜಾಸ್ತಿ ಇದೆ. ಮತ್ತೆ ಬಿಸಿಲಿಗೆ ಹಾಕಿ. ಅಂಟದಿದ್ದರೂ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ. ಕಟಕ್ ಅಂತ ಒಡೆಯಿತಾ, ಆಗ ಮುಚ್ಚಳ ಬಿಗಿಮಾಡಿ.