ಮಾತಾಡ್ತಾ ಮಾತಾಡ್ತಾ ಜಾರುವ ಸಿಬಿ ರೇಡಿಯೊ: ಕ್ರಿಸ್ಟಲ್ ಬದಲಿಸಿದರೆ ಸರಿಹೋಗುತ್ತಾ?

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ಇರುವ ಹಳೆಯ ಸಿಬಿ (ಸಾರ್ವಜನಿಕರು ಮಾತಾಡುವ ಸಿಟಿಜನ್ಸ್ ಬ್ಯಾಂಡ್) ರೇಡಿಯೊ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಚಾನೆಲ್ 38ರಲ್ಲಿ ಶುರುವಿಗೆ ಎಲ್ಲ ಚೆನ್ನಾಗಿಯೇ ಇರುತ್ತದೆ. ಐದಾರು ನಿಮಿಷ ಮಾತಾಡುವಷ್ಟರಲ್ಲಿ ಆ ಕಡೆಯವರು ‘ಜಾರ್ತಾ ಇದ್ದೀಯ’ ಅಂತಾರೆ, ಅಂದರೆ ಫ್ರೀಕ್ವೆನ್ಸಿ ಸರಿಯುತ್ತಿದೆಯಂತೆ. ಮಾಮೂಲಿ ಎಎಂ ಮೋಡ್‌ನಲ್ಲಿ ಈ ತೊಂದರೆ ಇಲ್ಲ. ಫ್ರೀಕ್ವೆನ್ಸಿ ಹಿಡಿದಿಡುವ ಕ್ರಿಸ್ಟಲ್ ಬದಲಿಸಲಾ?

ಉತ್ತರ: ಸದ್ಯಕ್ಕೆ ಬೇಡ. ಹತ್ತರಲ್ಲಿ ಎಂಟು ಜನ ಮೊದಲು ಕ್ರಿಸ್ಟಲ್ ಮೇಲೇ ಅನುಮಾನ ಪಡುತ್ತಾರೆ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಹೊಸದನ್ನು ತರಿಸಿ, ಎರಡು ವಾರ ಕಾದು, ಬೆಸುಗೆ ಹಾಕಿ ನೋಡಿದರೆ ರೇಡಿಯೊ ಮೊದಲಿನಷ್ಟೇ ಜಾರುತ್ತಿತ್ತು. ಕೊನೆಗೆ ಸಿಕ್ಕಿಬಿದ್ದದ್ದು ಅದರ ಪಕ್ಕದಲ್ಲಿ ಕೂತಿದ್ದ ಒಂದು ಪುಟ್ಟ ಕಂದು ಬಣ್ಣದ ಸೆರಾಮಿಕ್ ಕೆಪಾಸಿಟರ್.

ಎಎಂನಲ್ಲೂ ನಿಮ್ಮ ರೇಡಿಯೊ ಜಾರುತ್ತಲೇ ಇದೆ, ಗೊತ್ತಾಗುತ್ತಿಲ್ಲ ಅಷ್ಟೆ. ಎಎಂನಲ್ಲಿ ದನಿಯ ಜೊತೆ ಕ್ಯಾರಿಯರ್ (ದನಿಯನ್ನು ಹೊರುವ ಮೂಲ ಅಲೆ) ಕೂಡ ಹೋಗುತ್ತದೆ. ಎರಡೂ ಒಟ್ಟಿಗೆ ಸರಿದರೆ ಕೇಳುವವರಿಗೆ ವ್ಯತ್ಯಾಸವಿಲ್ಲ. ಎಸ್‌ಎಸ್‌ಬಿಯಲ್ಲಿ ಕ್ಯಾರಿಯರ್ ಇಲ್ಲ. ಆ ಕಡೆಯ ರೇಡಿಯೊ ಅದನ್ನು ತಾನೇ ಹುಟ್ಟಿಸಿಕೊಂಡು ಸೇರಿಸಬೇಕು. ನಿಮ್ಮದು 100 ಹರ್ಟ್ಜ್ ಸರಿದರೆ ನಿಮ್ಮ ದನಿಯ ಪ್ರತಿ ಸ್ವರವೂ 100 ಹರ್ಟ್ಜ್ ಸರಿಯುತ್ತದೆ. 150, 300, 450 ಇದ್ದದ್ದು 250, 400, 550 ಆದರೆ ಅವುಗಳ ನಡುವಿನ ಲೆಕ್ಕವೇ ಕೆಡುತ್ತದೆ. ಬಾತುಕೋಳಿ ಮಾತಾಡಿದ ಹಾಗೆ ಕೇಳುವುದು ಅದಕ್ಕೇ. ಅಮೆರಿಕದಲ್ಲಿ ರೇಡಿಯೊ ನಿಯಂತ್ರಿಸುವ ಎಫ್‌ಸಿಸಿಯ ನಿಯಮದಲ್ಲಿ ಸಿಬಿ ಫ್ರೀಕ್ವೆನ್ಸಿಗೆ ದಶಲಕ್ಷಕ್ಕೆ 50ರಷ್ಟು ತಪ್ಪು ಇರಬಹುದು. 27 ಮೆಗಾಹರ್ಟ್ಜ್‌ನಲ್ಲಿ ಅದು 1350 ಹರ್ಟ್ಜ್! ಅಂದರೆ ನಿಯಮದ ಪ್ರಕಾರ ಪಾಸಾದ ರೇಡಿಯೊ ಕೂಡ ಎಸ್‌ಎಸ್‌ಬಿಯಲ್ಲಿ ಕಿವಿಗೆ ಫೇಲ್ ಆಗಬಹುದು.

ಮುಚ್ಚಳ ತೆಗೆಯುವ ಮೊದಲು ಅದು ಹೇಗೆ ಜಾರುತ್ತದೆ ಅಂತ ನೋಡಿ. ಆಂಟೆನಾ ಬದಲು ಡಮ್ಮಿ ಲೋಡ್ (ಸಿಗ್ನಲ್ ಅನ್ನು ಹೊರಗೆ ಬಿಡದೆ ನುಂಗುವ ರೆಸಿಸ್ಟರ್) ಹಾಕಿ. ಟಿಸಿಎಕ್ಸ್‌ಒ (ಬಿಸಿಗೆ ಹೆಚ್ಚು ಸರಿಯದ ಹಾಗೆ ಸರಿದೂಗಿಸಿದ ಕ್ರಿಸ್ಟಲ್ ಸರ್ಕ್ಯೂಟ್) ಇರುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ರಿಸೀವರ್) ಇದ್ದರೆ 27 ಮೆಗಾಹರ್ಟ್ಜ್ ಸಿಗ್ನಲ್ ಪರದೆಯ ಮೇಲೆ ನೇರವಾಗಿ ಗೆರೆಯಾಗಿ ಕಾಣುತ್ತದೆ. ಡಾಂಗಲ್ ಕೂಡ ಬಿಸಿಗೆ ಸ್ವಲ್ಪ ಸರಿಯುತ್ತದೆ, ಅದನ್ನು ಅರ್ಧ ಗಂಟೆ ಮೊದಲೇ ಆನ್ ಮಾಡಿಡಿ. ಫೋನಿನಿಂದ 1000 ಹರ್ಟ್ಜ್‌ನ ಟೋನ್ ಹೊರಡಿಸಿ ಮೈಕಿಗೆ ಸಣ್ಣಗೆ ಕೇಳಿಸಿ. ಒಂದು ನಿಮಿಷ ಟ್ರಾನ್ಸ್‌ಮಿಟ್, ಒಂದು ನಿಮಿಷ ಸುಮ್ಮನೆ. ಗೆರೆ ಎಲ್ಲಿದೆ ಅಂತ ಪ್ರತಿ ಸಲ ಬರೆದುಕೊಳ್ಳಿ.

ಆನ್ ಮಾಡಿದಾಗಿನಿಂದ ಅರ್ಧ ಗಂಟೆ ನಿಧಾನಕ್ಕೆ ಸರಿದು ಆಮೇಲೆ ನಿಂತರೆ ಅದು ಬರೀ ವಾರ್ಮ್ ಅಪ್. ಮಾತಾಡುವಾಗ ಸರಿದು, ಬಿಟ್ಟಾಗ ನಿಧಾನಕ್ಕೆ ವಾಪಸ್ ಬಂದರೆ ಆಂಟೆನಾಕ್ಕೆ ಪವರ್ ಕೊಡುವ ಫೈನಲ್ ಟ್ರಾನ್ಸಿಸ್ಟರ್‌ನ ಬಿಸಿ, ಫ್ರೀಕ್ವೆನ್ಸಿ ಹುಟ್ಟಿಸುವ ಸರ್ಕ್ಯೂಟ್ ಆದ ಆಸಿಲೇಟರ್‌ಗೆ ತಟ್ಟುತ್ತಿದೆ. ಬಟನ್ ಒತ್ತಿದ ಕ್ಷಣವೇ ಜಿಗಿದರೆ, ಅಥವಾ ಮಾತಿನ ಏರಿಳಿತಕ್ಕೆ ತಕ್ಕ ಹಾಗೆ ನಡುಗಿದರೆ ಅದು ಬಿಸಿಯಲ್ಲ, ವೋಲ್ಟೇಜ್. ಬಿಸಿ ಅಷ್ಟು ಬೇಗ ಓಡಲ್ಲ. ತಟ್ಟಿದಾಗ ಜಿಗಿದರೆ ಬೆಸುಗೆ ಬಿಟ್ಟಿದೆ, ಇಲ್ಲವೇ ಕ್ಲಾರಿಫೈಯರ್‌ನ (ಫ್ರೀಕ್ವೆನ್ಸಿಯನ್ನು ಸಣ್ಣಗೆ ಸರಿಹೊಂದಿಸುವ ನಾಬ್) ಪಾಟ್, ಅಂದರೆ ಒಳಗಿನ ತಿರುಗುವ ರೆಸಿಸ್ಟರ್, ಕೊಳೆಯಾಗಿದೆ.

ನೀವು ಹೇಳಿದ್ದು ಎರಡನೆಯದರ ಹಾಗೆ ಕಾಣುತ್ತದೆ. ಆದರೆ ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ಅಲ್ಲಿ ನನಗೆ ಇನ್ನೊಂದು ಅನುಮಾನ. ಕ್ಲಾರಿಫೈಯರ್ ತಿರುಗಿಸಿದರೆ ನಿಮ್ಮ ಟ್ರಾನ್ಸ್‌ಮಿಟ್ ಕೂಡ ಸರಿಯುತ್ತದಾ? ಅಮೆರಿಕದಲ್ಲಿ ಫ್ಯಾಕ್ಟರಿಯಿಂದ ಬಂದ ಸಿಬಿಯಲ್ಲಿ ಅದು ರಿಸೀವ್ ಅನ್ನು ಮಾತ್ರ ಸರಿಸಬೇಕು. ಎರಡೂ ಸರಿದರೆ ಹಿಂದಿನ ಮಾಲೀಕರು ಒಳಗೆ ಕೈ ಆಡಿಸಿದ್ದಾರೆ ಅಂತ ಅರ್ಥ. ಕ್ರಿಸ್ಟಲ್‌ನ ದೊಡ್ಡ ಗುಣ ಅದರ ಹಟ, ತನ್ನ ಫ್ರೀಕ್ವೆನ್ಸಿ ಬಿಟ್ಟು ಸುಲಭಕ್ಕೆ ಕದಲಲ್ಲ. ವೋಲ್ಟೇಜಿಗೆ ತಕ್ಕ ಹಾಗೆ ಕ್ರಿಸ್ಟಲ್ ಅನ್ನು ಎಳೆಯುವ ವರಾಕ್ಟರ್ ಡಯೋಡ್ ಬದಲಿಸಿ ಕ್ಲಾರಿಫೈಯರ್ ಹೆಚ್ಚು ದೂರ ಓಡುವ ಹಾಗೆ ಮಾಡಿದರೆ ಆ ಹಟವನ್ನೇ ಮುರಿದ ಹಾಗೆ. ಎಷ್ಟು ಜಾಸ್ತಿ ಎಳೆಯುತ್ತೀರೋ, ಡಯೋಡ್‌ನ ಬಿಸಿಗೂ ವೋಲ್ಟೇಜಿಗೂ ಅಷ್ಟೇ ಜಾಸ್ತಿ ಕುಣಿಯುತ್ತದೆ. ಇದನ್ನು ಮೊದಲಿನ ಹಾಗೆ ಮಾಡಿಸಿದರೆ ಅರ್ಧ ಜಾರುವಿಕೆ ಅಲ್ಲೇ ಹೋಗಬಹುದು. ಹೀಗೆ ತಿದ್ದಿದ ರೇಡಿಯೊವನ್ನು ಎಫ್‌ಸಿಸಿ ಒಪ್ಪುವುದೂ ಇಲ್ಲ.

ಫ್ಯಾಕ್ಟರಿ ಸ್ಥಿತಿಯಲ್ಲೇ ಇದೆ ಅಂತಾದರೆ ಗಾಳಿಯಿಂದ ಶುರು ಮಾಡಿ. ಹಿಂಬದಿಯ ಹೀಟ್‌ಸಿಂಕ್‌ನ ಬಿಸಿ ಹೊರಗೆ ಹೋಗುವ ಹಾಗೆ ಒಂದು ಕಂಪ್ಯೂಟರ್ ಫ್ಯಾನ್ ಇಡಿ. ಆದರೆ ಗಾಳಿ ಕ್ರಿಸ್ಟಲ್ ಮೇಲೆ ಬೀಸಬಾರದು, ಬೀಸಿದರೆ ಅದು ಇನ್ನೊಂದು ಕಡೆಗೆ ಜಾರುತ್ತದೆ. ರೇಡಿಯೊವನ್ನು ಪವರ್ ಸಪ್ಲೈ ಮೇಲೆ ಇಟ್ಟಿದ್ದರೆ ಇಳಿಸಿ. ಬಟನ್ ಒತ್ತಿದಾಗ 13.8 ವೋಲ್ಟ್ ಎಷ್ಟು ಕುಸಿಯುತ್ತದೆ ಅಂತ ರೇಡಿಯೊದ ಹಿಂದಿನ ಪ್ಲಗ್‌ನಲ್ಲೇ ಅಳೆಯಿರಿ, ಸಪ್ಲೈನ ಡಿಸ್‌ಪ್ಲೇ ನಂಬಬೇಡಿ. ಸಣ್ಣ ವೈರ್ ಇದ್ದರೆ ದಪ್ಪದ್ದು ಹಾಕಿ. ಒಳಗಿನ ರೆಗ್ಯುಲೇಟರ್‌ನ ವೋಲ್ಟೇಜ್ ಆಗಲೂ ಅಲ್ಲಾಡಿದರೆ ಆ ಸಾಲಿನ ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನೂ ರೆಗ್ಯುಲೇಟರ್ ಅನ್ನೂ ನೋಡಿಸಿ.

ಇಷ್ಟಾದರೂ ಜಾರಿದರೆ ಕಳ್ಳನನ್ನು ಒಳಗೇ ಹುಡುಕಬೇಕು. ಈ ರೇಡಿಯೊಗಳಲ್ಲಿ ಒಂದೇ ಆಸಿಲೇಟರ್ ಇರುವುದಿಲ್ಲ. ಚಾನೆಲ್‌ಗಳ ಫ್ರೀಕ್ವೆನ್ಸಿ ತಯಾರಿಸುವ ಪಿಎಲ್‌ಎಲ್ ಸರ್ಕ್ಯೂಟ್‌ನ ರೆಫರೆನ್ಸ್ ಒಂದು, ಸಾಮಾನ್ಯವಾಗಿ 10.240 ಮೆಗಾಹರ್ಟ್ಜ್. ಸೈಡ್‌ಬ್ಯಾಂಡ್‌ಗೆ ಕ್ಯಾರಿಯರ್ ಕೊಡುವುದು ಇನ್ನೊಂದು. ಎಷ್ಟೋ ಮಾಡೆಲ್‌ಗಳಲ್ಲಿ ಕ್ಲಾರಿಫೈಯರ್‌ನದೇ ಮತ್ತೊಂದು. ರೆಫರೆನ್ಸ್‌ಗೆ ಬರೀ ಟಿಸಿಎಕ್ಸ್‌ಒ ಹಾಕಿ ‘ಇನ್ನೂ ಜಾರ್ತಿದೆ’ ಅಂತ ಗೋಳಾಡುವವರು ಇದನ್ನು ಮರೆತಿರುತ್ತಾರೆ.

ಹುಡುಕುವ ದಾರಿ ಸುಲಭ. ಹತ್ತಿಯ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಒಂದೊಂದೇ ಭಾಗಕ್ಕೆ ಮುಟ್ಟಿಸಿ. ಅದು ಆರುವಾಗ ಆ ಭಾಗ ತಣ್ಣಗಾಗುತ್ತದೆ. ಯಾವುದನ್ನು ಮುಟ್ಟಿದಾಗ ಕೇಳುತ್ತಿರುವ ಟೋನ್ ಓಡುತ್ತದೋ ಅದೇ ಕಳ್ಳ. ಬೆರಳಿನಿಂದ ಮುಟ್ಟಬೇಡಿ, ಬೆರಳೇ ಒಂದು ಕೆಪಾಸಿಟರ್. ಇದನ್ನು ರಿಸೀವ್‌ನಲ್ಲಿ, ಒಂದು ಸ್ಥಿರ ಸಿಗ್ನಲ್ ಕೇಳುತ್ತಾ ಮಾಡಿ. ಟ್ರಾನ್ಸ್‌ಮಿಟ್ ಒತ್ತಿಕೊಂಡು ಒಳಗೆ ಕೈ ಹಾಕುವುದು ಬೇಡ.

ಸಿಕ್ಕಿದ್ದು ಕೆಪಾಸಿಟರ್ ಆದರೆ ಅಷ್ಟೇ ಕೆಪಾಸಿಟೆನ್ಸ್ ಇರುವ ಎನ್‌ಪಿ0 ತರಹದ್ದು ಹಾಕಿ. ಬಿಸಿಯಾದರೂ ಅದರ ಕೆಪಾಸಿಟೆನ್ಸ್ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಆಮೇಲೂ ಬಿಸಿಗೆ ಆಸಿಲೇಟರ್ ಸ್ವಲ್ಪ ಕೆಳಕ್ಕೆ ಜಾರಿದರೆ ಎನ್750 ತರಹದ, ಬಿಸಿಗೆ ಕೆಪಾಸಿಟೆನ್ಸ್ ಇಳಿಯುವ ಕೆಪಾಸಿಟರ್ ಅನ್ನು ಸ್ವಲ್ಪ ಬೆರೆಸಿ ಸರಿದೂಗಿಸಬಹುದು. ಇದು ತಾಳ್ಮೆಯ ಕೆಲಸ, ಉಪ್ಪು ಹುಳಿ ನೋಡಿ ನೋಡಿ ಹಾಕಿದ ಹಾಗೆ. ಸಿಕ್ಕಿದ್ದು ಕ್ರಿಸ್ಟಲ್ಲೇ ಆದರೆ ಮೊದಲು ಅದಕ್ಕೆ ಥರ್ಮೋಕೋಲಿನ ಸಣ್ಣ ಟೋಪಿ ಹಾಕಿ ನೋಡಿ. ಜಾರುವುದು ಪೂರ್ತಿ ನಿಲ್ಲುವುದಿಲ್ಲ, ಆದರೆ ಎಷ್ಟು ನಿಧಾನವಾಗುತ್ತದೆ ಅಂದರೆ ಒಂದು ಸರದಿಯ ಮಾತಿನಲ್ಲಿ ಯಾರಿಗೂ ಗೊತ್ತಾಗಲ್ಲ.

ಕೊನೆಯ ದಾರಿ ಟಿಸಿಎಕ್ಸ್‌ಒ. ದಶಲಕ್ಷಕ್ಕೆ 1ರಷ್ಟು ಅಂದರೆ ಇಲ್ಲಿ 27 ಹರ್ಟ್ಜ್, ಅಷ್ಟು ಸಾಕು. ಇದನ್ನು ಹಾಕುವುದು ಗೊತ್ತಿರುವ ಟೆಕ್ನಿಷಿಯನ್ ಕೆಲಸ.

ಊರಿಗೆ ಬರುವಾಗ ಈ ರೇಡಿಯೊವನ್ನು ಬ್ಯಾಗಿಗೆ ಹಾಕಿಕೊಂಡು ಬರಬೇಡಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಸಿಬಿ 26.957ರಿಂದ 27.283 ಮೆಗಾಹರ್ಟ್ಜ್ ತನಕ, ಅದೂ 5 ವಾಟ್‌ವರೆಗೆ. ನಿಮ್ಮ ಚಾನೆಲ್ 38 ಇರುವುದು 27.385ರಲ್ಲಿ.