ಬರೀ ಉಜ್ಜಿದರೆ ಬೆಂಕಿ ಹುಟ್ಟದು

ಎರಡು ಕಲ್ಲು ಕುಟ್ಟಿ ಬೆಂಕಿ ಮಾಡುವ ಆದಿಮಾನವನ ಚಿತ್ರ ನಮ್ಮ ತಲೆಯಿಂದ ಇನ್ನೂ ಹೋಗಿಲ್ಲ. ನಿಸರ್ಗ ಶಿಬಿರಕ್ಕೆ ಬಂದ ಮಕ್ಕಳ ಕೈಗೆ ಎರಡು ಬೆಣಚುಕಲ್ಲು ಕೊಟ್ಟು ಕತ್ತಲಲ್ಲಿ ಉಜ್ಜಿಸಿ ನೋಡಿ. ಮಿಣುಕು ಬೆಳಕೇನೋ ಕಾಣುತ್ತದೆ, ಹತ್ತಿ ಹೊತ್ತುವುದಿಲ್ಲ. ಅದು ಬಿಸಿಯಿಲ್ಲದ ಬೆಳಕು. ಚಕಮಕಿಯ ಕಿಡಿ ಕೂಡ ಕಲ್ಲಿನದಲ್ಲ. ಕಲ್ಲಿನ ಚೂಪು ಅಂಚು ಕೆರೆದು ತೆಗೆದ ಉಕ್ಕಿನ ಪುಟ್ಟ ಚೂರು ಗಾಳಿಯಲ್ಲಿ ಉರಿಯುತ್ತದೆ, ಅಷ್ಟೇ.

ಉಕ್ಕೂ ಕೈಲಿಲ್ಲದಿದ್ದರೆ ಮರವೇ ಗತಿ. ಬಿಲ್ಲಿನ ಬೈರಿಗೆಗೆ ಬೇಕಾದದ್ದು ಒಂದೂವರೆ ಸೆಂ.ಮೀ. ದಪ್ಪದ ಹಲಗೆ, ಹೆಬ್ಬೆರಳಷ್ಟು ದಪ್ಪದ ಗೇಣುದ್ದ ಕಡ್ಡಿ, ಹಗ್ಗ ಕಟ್ಟಿದ ಬಿಲ್ಲು, ಮೇಲಿಂದ ಒತ್ತಿ ಹಿಡಿಯಲು ಗುಳಿ ಇರುವ ಗಟ್ಟಿಮರದ ತುಂಡು. ಬಿಲ್ಲಿನ ಹಗ್ಗವನ್ನು ಕಡ್ಡಿಗೆ ಒಂದು ಸುತ್ತು ಸುತ್ತಿ, ಬಿಲ್ಲನ್ನು ಹಿಂದೆ ಮುಂದೆ ಎಳೆದರೆ ಕಡ್ಡಿ ಹಲಗೆಯ ಮೇಲೆ ತಿರುಗುತ್ತದೆ. ಹಲಗೆಗೂ ಕಡ್ಡಿಗೂ ಒಣಗಿದ ಕತ್ತಾಳೆ ದಿಂಡು ಒಳ್ಳೆಯದು. ಉಗುರು ಒತ್ತಿದರೆ ಗೀರು ಬೀಳುವಷ್ಟು ಮೆದುವಾಗಿರಬೇಕು.

ಎಲ್ಲರೂ ಎಡವುವುದು ಕಚ್ಚಿನಲ್ಲಿ, ಅಂದರೆ ಹಲಗೆಯ ಅಂಚಿನಲ್ಲಿ ಕೊರೆಯುವ ಸೀಳಿನಲ್ಲಿ. ಮೊದಲು ಬೈರಿಗೆ ತಿರುಗಿಸಿ ಹಲಗೆಯಲ್ಲಿ ಕಪ್ಪು ಗುಳಿ ಮಾಡಿಕೊಳ್ಳಿ. ಆಮೇಲೆ ಹಲಗೆಯ ಅಂಚಿನಿಂದ ಗುಳಿಯ ನಡುವಿನ ಹತ್ತಿರದವರೆಗೆ, ವೃತ್ತದ ಎಂಟನೇ ಒಂದು ಭಾಗದಷ್ಟು ಅಗಲಕ್ಕೆ ಕಚ್ಚು ಕೊರೆಯಿರಿ. ಕೆಂಡ ಹುಟ್ಟುವುದು ಕಡ್ಡಿಯ ತುದಿಯಲ್ಲಲ್ಲ, ಈ ಕಚ್ಚಿನಲ್ಲಿ ರಾಶಿಬೀಳುವ ಪುಡಿಯಲ್ಲಿ. ಒಂಟಿ ಕಣಕ್ಕೆ ಬಿಸಿ ಹಿಡಿದಿಟ್ಟುಕೊಳ್ಳಲಾಗದು. ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಟ್ಟಂತೆ, ರಾಶಿಯ ಹೊರಪದರ ಒಳಗಿನ ಬಿಸಿಯನ್ನು ಕಾಯುತ್ತದೆ. ಕಚ್ಚಿನ ಬಾಯಿಂದ ಗಾಳಿ ನುಗ್ಗುತ್ತದೆ, ಇದ್ದಿಲ ಪುಡಿ ಆಮ್ಲಜನಕದೊಡನೆ ಕೂಡಿ ತಾನೇ ಮತ್ತಷ್ಟು ಬಿಸಿಯಾಗುತ್ತದೆ. ಕೈ ನಿಲ್ಲಿಸಿದ ಮೇಲೂ ರಾಶಿಯಿಂದ ಹೊಗೆ ಏಳುತ್ತಿದ್ದರೆ ಕೆಂಡ ಸಿಕ್ಕಿತೆಂದೇ ಲೆಕ್ಕ. ಆಗ ಅವಸರಪಟ್ಟು ಊದಬೇಡಿ, ಪುಡಿ ಚೆದುರುತ್ತದೆ. ಅರೆನಿಮಿಷ ಬಿಟ್ಟು, ಬಿಡಿಸಿಟ್ಟ ಒಣ ತೆಂಗಿನ ನಾರಿನ ಗೂಡಿಗೆ ಮೆಲ್ಲಗೆ ಇಳಿಸಿ, ಆಮೇಲೆ ಊದಿ.

ತಪ್ಪೆಲ್ಲಿ ಎಂದು ಪುಡಿಯೇ ಹೇಳುತ್ತದೆ. ತಿಳಿಕಂದು ಬಣ್ಣವಿದ್ದರೆ ಒತ್ತಡವೋ ವೇಗವೋ ಸಾಲದು. ಕೂದಲಿನಂತೆ ಒರಟಾಗಿದ್ದರೆ ಒತ್ತಡ ಹೆಚ್ಚಾಯಿತು, ಇಲ್ಲವೇ ಮರ ಹಸಿ. ಕಿರ್‍ರೆಂದು ಸದ್ದಾಗಿ ಗುಳಿ ಹೊಳೆಯತೊಡಗಿದರೆ ಒಂದು ಚಿಟಿಕೆ ಮರಳು ಹಾಕಿ. ಹೊಗೆ ಮೇಲಿನ ತುಂಡಿನಿಂದ ಬಂದರೆ ಅದರ ಗುಳಿಗೆ ಎಣ್ಣೆ ಸವರಿ.

ಯಜ್ಞದಲ್ಲಿ ಅರಣಿ, ಅಂದರೆ ಅಶ್ವತ್ಥದ ಮರದ ತುಂಡುಗಳನ್ನು, ಕಡೆದಾಗ ಅಗ್ನಿ ಬರುವುದು ಮಂತ್ರಬಲದಿಂದ ಎನ್ನುವವರಿದ್ದಾರೆ. ಅದೇ ಮಂತ್ರವನ್ನು ಆಷಾಢದಲ್ಲಿ ನೆನೆದ ಅಶ್ವತ್ಥದ ಮೇಲೆ ಹೇಳಿ ನೋಡಲಿ! ಒಂದು ಕಿಲೋ ನೀರು ಆವಿಯಾಗಲು ಸುಮಾರು 2260 ಕಿಲೋಜೂಲ್ ಬೇಕು. ಮರದೊಳಗಿನ ತೇವ ಆರುವವರೆಗೆ ನಿಮ್ಮ ತೋಳಿನ ದುಡಿಮೆಯೆಲ್ಲ ಅದಕ್ಕೇ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆಯೇ ಕಡ್ಡಿ, ಹಲಗೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಬಿಡಿ. ದುಡಿಮೆಯೇ ಬಿಸಿಯಾಗುತ್ತದೆ ಎಂಬುದನ್ನು ವಿಜ್ಞಾನಿ ರಮ್‌ಫೋರ್ಡ್ ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವ ಯಂತ್ರದಿಂದ ತೋರಿಸಿ, 1798ರಲ್ಲಿ ಪ್ರಕಟಿಸಿದ. ಕೊರೆಯುವ ಲೋಹದ ಸುತ್ತ ತುಂಬಿಟ್ಟಿದ್ದ ನೀರು ಎರಡೂವರೆ ಗಂಟೆಯಲ್ಲಿ ಬೆಂಕಿಯೇ ಇಲ್ಲದೆ ಕುದಿದಿತ್ತು.

ಬೇಸಿಗೆಯಲ್ಲಿ ಕಾಡಿನೊಳಗೆ ಈ ಪಾಠ ಬೇಡವೇ ಬೇಡ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನೆನಪಿರಲಿ. ಶಾಲೆಯ ಬಯಲು ಸಾಕು. ನೆಲ ಗುಡಿಸಿ, ಎರಡು ಕೊಡ ನೀರು ಪಕ್ಕದಲ್ಲಿಟ್ಟುಕೊಳ್ಳಿ. ಮುಗಿದ ಮೇಲೆ ಬೂದಿಯನ್ನು ನೀರು ಹಾಕಿ ಕಲಸಿ, ಅಂಗೈ ಹಿಂಬದಿಯನ್ನು ಹತ್ತಿರ ಹಿಡಿದು ಬಿಸಿ ಇಲ್ಲವೆಂದು ನೋಡಿಕೊಂಡೇ ಏಳಿ.